ಕಿಂಡಿಗೆ ಚಾಚಿದ ಬೆರಳು

ಕಾರ್ಖಾನೆಯಲ್ಲಿ ನನ್ನನ್ನು ಹದಿಮೂರು ಎಂದು ಕರೆಯುತ್ತಾರೆ. ಅದು ನನ್ನ ಬಿಲ್ಲೆಯ ಸಂಖ್ಯೆಯಲ್ಲ, ನನ್ನ ರಕ್ತದ ಅಳತೆ. ನಮ್ಮ ಪಾಳಿಯ ನಲವತ್ತು ಹೆಂಗಸರಲ್ಲಿ ಹನ್ನೆರಡು ದಾಟಿದವಳು ನಾನೊಬ್ಬಳೇ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಅವರು ತಿನ್ನುವುದನ್ನೇ ನಾನೂ ತಿನ್ನುತ್ತೇನೆ. ಇಪ್ಪತ್ತೆಂಟನೇ ವಯಸ್ಸಿನಲ್ಲಿ ನನ್ನ ಗರ್ಭಕೋಶ ತೆಗೆದರು. ಅಂದಿನಿಂದ ತಿಂಗಳು ತಿಂಗಳು ಹೋಗುವ ರಕ್ತ ಹೋಗಲಿಲ್ಲ, ಮೈಯಲ್ಲೇ ಉಳಿಯಿತು. ಹೆರಲಾರದವಳಿಗೆ ಹದಿಮೂರು, ಹೆರುವವರಿಗೆ ಏಳೋ ಎಂಟೋ ಹತ್ತೋ. ಹೀಗಿದೆ ನಮ್ಮ ಆರೋಗ್ಯ.

ನಾವು ತಯಾರಿಸುವುದು ರಕ್ತ ಹೆಚ್ಚಿಸುವ ಮಾತ್ರೆ. ಕಬ್ಬಿಣದ ಮಾತ್ರೆ, ಕೆಂಪು ಬಣ್ಣದ್ದು. ಜೊತೆಗೆ ವಿಟಮಿನ್ ಮಾತ್ರೆಗಳು: ಕಣ್ಣಿಗೊಂದು, ನರಕ್ಕೊಂದು, ಮೂಳೆಗೊಂದು. ಪುಡಿ ಬೆರೆಸುವ ಕೋಣೆಯಲ್ಲಿ ಹಳದಿ ಪುಡಿ ಹಾರುತ್ತದೆ. ಅಲ್ಲಿ ಕೆಲಸ ಮಾಡಿದ ದಿನ ಉಚ್ಚೆಯೂ ಹಳದಿ. ಇನ್ನೊಂದು ಬಿಳಿ ಪುಡಿ ಇದೆ. ಅದು ಮೂಗಿಗೆ ಹೋದರೆ ಮುಖ, ಕುತ್ತಿಗೆ, ಎದೆ ಎಲ್ಲ ಕೆಂಪಗಾಗಿ ಉರಿಯುತ್ತದೆ, ಯಾರೋ ಕೆನ್ನೆಗೆ ಬಾರಿಸಿದ ಹಾಗೆ. ಕಿಟಕಿಗಳಿಗೆಲ್ಲ ಕಪ್ಪು ಬಣ್ಣ ಬಳಿದಿದ್ದಾರೆ. ಬಿಸಿಲು ಬಿದ್ದರೆ ವಿಟಮಿನ್ ಕೆಡುತ್ತದಂತೆ. ಹಾಗಾಗಿ ಬೆಳಗ್ಗೆ ಎಂಟಕ್ಕೆ ಒಳಗೆ ಹೋದರೆ ಸಂಜೆ ಆರರವರೆಗೆ ನಮಗೆ ಬಿಸಿಲಿಲ್ಲ. ಮೂವತ್ತು ದಾಟಿದವರೆಲ್ಲ ಮಂಡಿ ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತಾರೆ.

ನನ್ನ ಕೆಲಸ ಪಟ್ಟಿ ನೋಡುವುದು. ಒಂದು ಪಟ್ಟಿಗೆ ಹತ್ತು ಮಾತ್ರೆ. ಬೆಲ್ಟಿನ ಮೇಲೆ ಸಾಲಾಗಿ ಹರಿದು ಬರುತ್ತವೆ. ಗುಳಿ ಖಾಲಿಯಿದ್ದರೆ, ಮಾತ್ರೆ ಮುರಿದಿದ್ದರೆ ಎತ್ತಿ ಪಕ್ಕದ ಡಬ್ಬಕ್ಕೆ ಹಾಕಬೇಕು. ಕೂರುವಂತಿಲ್ಲ. ಸಂಜೆಗೆ ಕಾಲು ಬಾತು ಚಪ್ಪಲಿ ಹಿಡಿಸುವುದಿಲ್ಲ. ಮನೆಯಲ್ಲಿ ಕಣ್ಣು ಮುಚ್ಚಿದರೂ ಕೆಂಪು ಚುಕ್ಕೆಗಳು ಹರಿಯುತ್ತಲೇ ಇರುತ್ತವೆ. ಮುರಿದ ಮಾತ್ರೆಗಳನ್ನು ನೀರು ತುಂಬಿದ ಡ್ರಮ್ಮಿಗೆ ಸುರಿದು ಕೋಲಿನಿಂದ ತಿರುವುತ್ತಾರೆ. ನೀರು ಕೆಂಪಾಗುತ್ತದೆ. ಅದನ್ನು ಚರಂಡಿಗೆ ಬಿಡುತ್ತಾರೆ. ಈ ಊರಿನಲ್ಲಿ ಚರಂಡಿಗೆ ರಕ್ತ ಕಡಿಮೆಯಿಲ್ಲ ಎಂದು ನಾವು ನಗುತ್ತಿದ್ದೆವು. ಆಗ ನಗುತ್ತಿದ್ದೆವು.

ಹೊರಗೆ ಬರುವಾಗ ತಪಾಸಣೆ. ಮೊದಲು ಸೊಂಟ, ಜಡೆ, ರವಿಕೆ. ಆಮೇಲೆ ನಾಲಿಗೆ. ಕೆಂಪು ಮಾತ್ರೆ ಬಾಯಿಗೆ ಹಾಕಿಕೊಂಡರೆ ಬಣ್ಣ ನಾಲಿಗೆಗೆ ಹತ್ತುತ್ತದೆ, ಬೇಗ ಹೋಗುವುದಿಲ್ಲ. ಗೇಟಿನಲ್ಲಿ ಸೂಪರ್‌ವೈಸರ್ ಟಾರ್ಚ್ ಹಿಡಿದು ನಿಂತಿರುತ್ತಾನೆ. ನನಗಿಂತ ಹತ್ತು ವರ್ಷ ಚಿಕ್ಕವನು. ನಾವು ಸಾಲಾಗಿ ನಾಲಿಗೆ ಚಾಚಿಕೊಂಡು ಅವನ ಮುಂದೆ ಹಾದುಹೋಗಬೇಕು. "ಇನ್ನೂ ಚಾಚು, ಇನ್ನೂ" ಎನ್ನುತ್ತಾನೆ. ಮೊಮ್ಮಕ್ಕಳನ್ನು ಕಂಡವರೂ ಚಾಚುತ್ತಾರೆ. ನಾನೂ ಒಂಬತ್ತು ವರ್ಷ ಚಾಚಿದ್ದೇನೆ.

ಮೂರು ವರ್ಷದ ಹಿಂದೆ ಒಬ್ಬಳು ತಲೆ ತಿರುಗಿ ಬಿದ್ದಳು. ಬೀಳುವಾಗ ಕೈ ಹೋಗಿ ಪಟ್ಟಿ ಅಂಟಿಸುವ ಬಿಸಿ ಉರುಳೆಯ ಮೇಲೆ ಬಿತ್ತು. ಎರಡು ಬೆರಳು ಹೋದವು. ರಕ್ತ ಪರೀಕ್ಷೆ ಮಾಡಿಸಿದರೆ ಅವಳಿಗೆ ಆರು ಇತ್ತು. ಕಾರ್ಖಾನೆಯವರು ಇದರಿಂದ ಪಾಠ ಕಲಿತರು. ಹೆಂಗಸರಿಗೆ ಊಟ ಬೇಕು, ಕೂರುವುದಕ್ಕೆ ಸ್ಟೂಲು ಬೇಕು ಎಂಬ ಪಾಠವಲ್ಲ. ರಕ್ತ ಕಡಿಮೆ ಇರುವವಳನ್ನು ಒಳಗೇ ಬಿಡಬಾರದು ಎಂಬ ಪಾಠ. ಆರು ತಿಂಗಳಿಗೊಮ್ಮೆ ಪರೀಕ್ಷೆ, ಹತ್ತಕ್ಕಿಂತ ಕಡಿಮೆ ಬಂದರೆ ಮನೆಗೆ. ಕೆಲಸದಿಂದ ತೆಗೆದೆವು ಎನ್ನುವುದಿಲ್ಲ. "ರಕ್ತ ಹೆಚ್ಚಿಸಿಕೊಂಡು ಬನ್ನಿ" ಎನ್ನುತ್ತಾರೆ. ಹಾಗೆ ಹೋದವರು ಯಾರೂ ಹೆಚ್ಚಿಸಿಕೊಂಡು ಬರಲಿಲ್ಲ.

ಪರೀಕ್ಷೆ ಮಾಡುವವನು ಹೊರಗಿನವನು. ನಾವು ಕೆಲಸ ಮಾಡುವುದು ಹೊರಗಿನ ಧೂಳು ಬರಬಾರದ ಶುದ್ಧ ಕೋಣೆ, ಅದರೊಳಗೆ ಅವನಿಗೆ ಪ್ರವೇಶವಿಲ್ಲ. ನಮ್ಮನ್ನು ಹೊರಗೆ ಕರೆದರೆ ಮತ್ತೆ ಕೈಕಾಲು ತೊಳೆದು, ಗೌನು, ಟೋಪಿ, ಮುಖಗವಸು ಎಲ್ಲ ಬದಲಿಸಬೇಕು, ಅಷ್ಟು ಹೊತ್ತು ಬೆಲ್ಟ್ ನಿಲ್ಲುತ್ತದೆ. ಅದಕ್ಕೆ ಅವರು ಒಂದು ಉಪಾಯ ಮಾಡಿದರು. ಮಾತ್ರೆಯ ಟ್ರೇಗಳನ್ನು ಆಚೆ ಕೊಡುವುದಕ್ಕೆ ಗೋಡೆಯಲ್ಲಿ ಒಂದು ಕಿಂಡಿ ಇದೆ. ಪರೀಕ್ಷೆಯವನು ಕಿಂಡಿಯ ಆಚೆ ಕೂರುತ್ತಾನೆ. ನಾವು ಈಚೆಯಿಂದ ಬಿಲ್ಲೆ ಸಂಖ್ಯೆ ಕೂಗಿ ಕೈ ತೂರಿಸಬೇಕು. ಅವನಿಗೆ ಮುಖ ಕಾಣುವುದಿಲ್ಲ, ಬರೀ ಕೈ. ಬೆರಳಿಗೆ ಚುಚ್ಚಿ, ಒಂದು ಹನಿ ಹಿಂಡಿ, ಯಂತ್ರದಲ್ಲಿ ಬಂದ ಅಂಕಿಯನ್ನು ಹಳದಿ ಕಾರ್ಡಿನಲ್ಲಿ ಬರೆಯುತ್ತಾನೆ.

ಈ ಕಿಂಡಿಯ ದಾರಿಯನ್ನು ಮೊದಲು ಕಂಡುಹಿಡಿದವಳು ಪೊರಕೆಯಕ್ಕ. ಗುಡಿಸುವವಳು. ಮೂರು ಮಕ್ಕಳ ತಾಯಿ, ಗಂಡ ಹಾಸಿಗೆ ಹಿಡಿದಿದ್ದ. ಪರೀಕ್ಷೆಯ ಹಿಂದಿನ ದಿನ ನನ್ನ ಪಕ್ಕ ಬಂದು ನಿಂತಳು.

"ನಿನಗೆ ಹತ್ತು ಬೆರಳಿದೆಯಲ್ವೇನೇ?"

"ಇದೆ. ಯಾಕೆ?"

"ಒಂದು ನನಗೆ ಕೊಡು."

ಕೊಟ್ಟೆ. ಆಮೇಲೆ ಇನ್ನೊಬ್ಬಳು ಬಂದಳು. ಮತ್ತೊಬ್ಬಳು. ಒಬ್ಬೊಬ್ಬರಿಗೂ ಒಂದೊಂದು ಬೆರಳು, ಒಮ್ಮೆ ಎಡಗೈ, ಒಮ್ಮೆ ಬಲಗೈ. ಚುಚ್ಚಿದ ಗುರುತು ಕಾಣದಂತೆ ನಡುವೆ ನಾಲ್ಕೈದು ಜನ ಬೇರೆಯವರನ್ನು ಬಿಡುತ್ತಿದ್ದೆವು. ಸಂಜೆ ಬೆರಳು ಉರಿಯುತ್ತಿದ್ದವು. ನನಗೆ ಒಳಗೊಳಗೇ ಖುಷಿಯಿತ್ತು, ಸುಳ್ಳು ಯಾಕೆ ಹೇಳಲಿ? ಬಂಜೆ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದವರೇ "ನೀನು ತಣ್ಣಗಿರು ತಾಯಿ" ಎನ್ನುತ್ತಿದ್ದರು. ಕಾರ್ಖಾನೆಯವರ ಕಣ್ಣಿಗೆ ಮಣ್ಣೆರಚಿದೆವು ಎಂದುಕೊಂಡೆ.

ಆರನೆಯವಳು ನನ್ನ ಓರಗಿತ್ತಿ.

ಅವಳು ನನ್ನ ಮೈದುನನ ಹೆಂಡತಿ. ಮದುವೆಯಾಗಿ ಎರಡು ತಿಂಗಳಿಗೆ ನಾನೇ ಅವಳನ್ನು ಕಾರ್ಖಾನೆಗೆ ಸೇರಿಸಿದ್ದೆ. ಮನೆಯಲ್ಲಿ ಗಂಡಸರಿಬ್ಬರೂ ಗೋದಾಮಿನಲ್ಲಿ ಮೂಟೆ ಹೊರುವವರು. ಅವರು ಉಂಡ ಮೇಲೆ ಅತ್ತೆ. ಅತ್ತೆ ಉಂಡ ಮೇಲೆ ನಾವಿಬ್ಬರು. ಅಷ್ಟರಲ್ಲಿ ಬೇಳೆ ತಳ ಕಂಡಿರುತ್ತಿತ್ತು. ಸೊಪ್ಪು ಮಾಡಿದ ದಿನ ಪಾತ್ರೆಯ ಗೋಡೆಗೆ ಹತ್ತಿದ್ದನ್ನು ಅನ್ನದಿಂದ ಒರೆಸಿಕೊಂಡು ತಿನ್ನುತ್ತಿದ್ದೆವು. "ಅಕ್ಕ ನೀನು ಒರೆಸ್ಕೋ", "ಬೇಡ ನೀನೇ ಒರೆಸ್ಕೋ" ಎಂದು ಅದಕ್ಕೂ ಉಪಚಾರ. ಓರಗಿತ್ತಿಯರೆಂದರೆ ಜುಟ್ಟು ಹಿಡಿದು ಜಗಳವಾಡುತ್ತಾರೆ ಎನ್ನುತ್ತಾರೆ. ನಾವು ಆಡಲಿಲ್ಲ. ಅವಳು ನನ್ನ ಬೆನ್ನಿಗೆ ಬಿದ್ದ ತಂಗಿಯ ಹಾಗಿದ್ದಳು.

ಅವಳು ಬಳಪ ತಿನ್ನುತ್ತಿದ್ದಳು. ಸೆರಗಿನ ತುದಿಯಲ್ಲಿ ಯಾವಾಗಲೂ ನಾಲ್ಕು ತುಂಡು ಕಟ್ಟಿಕೊಂಡಿರುತ್ತಿದ್ದಳು. ಬಳಪ ಸಿಗದಿದ್ದರೆ ಹಸಿ ಅಕ್ಕಿ, ಅದೂ ಸಿಗದಿದ್ದರೆ ಗೋಡೆಯ ಸುಣ್ಣ ಕೆರೆದು ಬಾಯಿಗೆ. ಅತ್ತೆ ಬೈಯುತ್ತಿದ್ದಳು, "ಗೋಡೆ ತಿಂದು ಮುಗಿಸ್ಬೇಡ ಕಣೇ, ಮಳೆಗಾಲ ಬರ್ತಿದೆ." ಉಗುರುಗಳು ಚಮಚದ ಹಾಗೆ ನಡುವೆ ತಗ್ಗಾಗಿದ್ದವು. ಮೂರು ಮೆಟ್ಟಿಲು ಹತ್ತಿದರೆ ಏದುಸಿರು. ಇದೆಲ್ಲ ರಕ್ತ ಇಲ್ಲದ ಗುರುತು ಎಂದು ನನಗೆ ಆಗ ತಿಳಿದಿರಲಿಲ್ಲ. ಚಪಲ ಎಂದುಕೊಂಡಿದ್ದೆ.

ತಿಳಿದದ್ದು ಡಾಕ್ಟರಮ್ಮ ಬಂದಾಗ. ಕಾರ್ಖಾನೆಯವರು ವರ್ಷಕ್ಕೊಮ್ಮೆ ಒಬ್ಬ ಡಾಕ್ಟರಮ್ಮನನ್ನು ಕರೆಸಿ ಊಟದ ಕೋಣೆಯಲ್ಲಿ ಭಾಷಣ ಮಾಡಿಸುತ್ತಾರೆ. ಫೋಟೋ ತೆಗೆಯುತ್ತಾರೆ. ಅವಳು ಬಣ್ಣದ ಹಾಳೆ ತೂಗುಹಾಕಿದಳು. ಕ್ಯಾರೆಟ್ಟು ಕಣ್ಣಿಗೆ, ಹಾಲು ಮೂಳೆಗೆ, ಸೊಪ್ಪು, ಮಾಂಸ ರಕ್ತಕ್ಕೆ, ನಿಂಬೆಹುಳಿ ಹಿಂಡಿಕೊಂಡರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುತ್ತದೆ. ಬಳಪ, ಮಣ್ಣು ತಿನ್ನಬೇಕೆನಿಸಿದರೆ ರಕ್ತ ಕಡಿಮೆ ಇದೆಯೆಂದು ಅರ್ಥ. ಓರಗಿತ್ತಿ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ದಿನಾ ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಿ" ಎಂದಳು ಡಾಕ್ಟರಮ್ಮ.

"ಸೂಪರ್‌ವೈಸರ್‌ಗೆ ಒಂದು ಚೀಟಿ ಬರ್ದುಕೊಡಿ ಅಮ್ಮ" ಎಂದಳು ಪೊರಕೆಯಕ್ಕ. ಎಲ್ಲರೂ ನಕ್ಕರು. ಡಾಕ್ಟರಮ್ಮನೂ ನಕ್ಕಳು. ಒಳ್ಳೆಯವಳೇ. ಊಟದ ಜೊತೆ ಟೀ ಕುಡಿಯಬೇಡಿ, ಕುಡಿದರೆ ಕಬ್ಬಿಣ ಹತ್ತುವುದಿಲ್ಲ, ಒಂದು ಗಂಟೆ ಬಿಟ್ಟು ಕುಡಿಯಿರಿ ಎಂದಳು. ಕಾರ್ಖಾನೆ ನಮಗೆ ಪುಕ್ಕಟೆ ಕೊಡುವುದು ಅದೊಂದೇ, ಊಟದ ಜೊತೆ ದೊಡ್ಡ ಲೋಟದ ಕಡು ಟೀ. ಮಧ್ಯಾಹ್ನ ತೂಕಡಿಸಬಾರದೆಂದು. ಮರುದಿನ ನಾನು ಹೋಗಿ, ಟೀಯನ್ನು ಮೂರು ಗಂಟೆಗೆ ಕೊಡಿ ಎಂದು ಕೇಳಿದೆ.

"ಮೂರು ಗಂಟೆಗೆ ಕುಡಿಯೋಕೆ ಮುಖಗವಸು ಬಿಚ್ಚಬೇಕು, ಕೈ ತೊಳೀಬೇಕು. ಬೆಲ್ಟ್ ಯಾರು ನೋಡ್ಕೋತಾರೆ, ನಿಮ್ಮತ್ತೆನಾ? ಬೇಡ ಅಂದ್ರೆ ಟೀನೇ ಬಿಡಿ" ಎಂದ ಸೂಪರ್‌ವೈಸರ್.

ಟೀ ಬಿಡಲು ಯಾರಿಗೂ ಆಗಲಿಲ್ಲ. ಹೊಟ್ಟೆ ತುಂಬಿದಂತೆ ಅನ್ನಿಸುತ್ತಿದ್ದದ್ದು ಅದರಿಂದಲೇ.

ಆ ದಿನ ಮನೆಗೆ ನಡೆದು ಬರುವಾಗ ಓರಗಿತ್ತಿ ಕೇಳಿದಳು, "ಅಕ್ಕ, ಕಬ್ಬಿಣ ಅಂದ್ರೆ ಚಿಲಕದ್ದೇ ಅಲ್ವಾ? ಚಿಲಕ ನೆಕ್ಕಿದ್ರೆ ಆಗಲ್ವಾ?"

"ನೆಕ್ಕು. ಕಳ್ಳರು ಬಂದ್ರೆ ಬಾಗಿಲು ತೆಗೆಯೋಕೆ ಸುಲಭ ಆಗುತ್ತೆ."

ಇಬ್ಬರೂ ರಸ್ತೆಯಲ್ಲಿ ನಿಂತು ನಕ್ಕೆವು. ನಗುತ್ತಲೇ ಅವಳು ಗೋಡೆ ಹಿಡಿದುಕೊಂಡು ಕೂತಳು. ಬಸುರಾಗಿ ಮೂರು ತಿಂಗಳಾಗಿತ್ತು ಅವಳಿಗೆ. ನನಗೆ ಮೊದಲು ಹೇಳಿದ್ದು ಅಲ್ಲೇ, ಆ ಗೋಡೆಯ ಬುಡದಲ್ಲಿ.

ಮುಂದಿನ ತಿಂಗಳೇ ಪರೀಕ್ಷೆ. ಅವಳ ಬಿಲ್ಲೆ ಸಂಖ್ಯೆ ಕೂಗಿ ನನ್ನ ಬಲಗೈಯ ಉಂಗುರದ ಬೆರಳು ತೂರಿಸಿದೆ. ಹದಿಮೂರು. ಹಳದಿ ಕಾರ್ಡಿನಲ್ಲಿ ಬರೆದರು. ಅದೇ ಕಾರ್ಡನ್ನು ಅವಳು ಬಸುರಿಯರನ್ನು ನೋಡುವ ಆಸ್ಪತ್ರೆಗೆ ಒಯ್ದಳು. ಅಲ್ಲಿ ಸಾಲು ಬಾಗಿಲಾಚೆಗೂ ಇತ್ತು. ಕೂತಿದ್ದ ನರ್ಸಮ್ಮ ಕಾರ್ಡ್ ನೋಡಿ ಹುಬ್ಬೇರಿಸಿದಳು. "ಹದಿಮೂರಾ? ನನಗೇ ಇಷ್ಟಿಲ್ಲ ಕಣಮ್ಮ. ಮತ್ತೆ ಯಾಕೆ ಚುಚ್ಚೋದು" ಎಂದು ಅದನ್ನೇ ತಮ್ಮ ಪುಸ್ತಕಕ್ಕೆ ಇಳಿಸಿದಳು. ಕಬ್ಬಿಣದ ಮಾತ್ರೆ ಕೇಳಿದ್ದಕ್ಕೆ, ಬಂದಿರುವುದೇ ಸ್ವಲ್ಪ, ಎಂಟು ಒಂಬತ್ತು ಇರುವವರಿಗೆ ಮೊದಲು ಎಂದಳು. ಅದೂ ನ್ಯಾಯವೇ.

ಅವಳಿಗೆ ನಿಜವಾಗಿ ಎಷ್ಟಿತ್ತು? ಯಾರಿಗೂ ಗೊತ್ತಿಲ್ಲ. ಅಳೆದದ್ದೆಲ್ಲ ನನ್ನನ್ನು. ಆಸ್ಪತ್ರೆಯಲ್ಲಿ ನಿಜ ಹೇಳೋಣವೆಂದರೆ ಕಾರ್ಖಾನೆಗೆ ತಿಳಿಯುತ್ತದೆಂಬ ಹೆದರಿಕೆ. ತಿಳಿದರೆ ಅವಳ ಕೆಲಸ ಮಾತ್ರವಲ್ಲ, ಐದು ಜನರ ಕೆಲಸ ಹೋಗುತ್ತದೆ. ಹೆರಿಗೆ ಆಗಲಿ, ಆಮೇಲೆ ನೋಡೋಣ ಎಂದೆ. ಇದನ್ನು ಹೇಳಿದ್ದು ನಾನೇ. ಬೇರೆ ಯಾರ ಮೇಲೂ ಹಾಕುವಂತಿಲ್ಲ.

ಆರನೇ ತಿಂಗಳಲ್ಲಿ ಅವಳು ನೆಲಕ್ಕೆ ಬಿದ್ದ ಒಂದು ಮುರುಕು ಮಾತ್ರೆಯನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. ನಾನು ನೋಡಿದೆ. ಅವಳು ಕಣ್ಣಿನಲ್ಲೇ ಸುಮ್ಮನಿರು ಎಂದಳು. ಸಂಜೆ ಗೇಟಿನಲ್ಲಿ ನಾಲಿಗೆ ಚಾಚಿದಾಗ ಟಾರ್ಚ್ ಅಲ್ಲೇ ನಿಂತಿತು.

"ಕಾರ್ಡ್ ತೆಗಿ" ಎಂದ ಸೂಪರ್‌ವೈಸರ್. ನೋಡಿದ. ಎಲ್ಲರಿಗೂ ಕೇಳುವಂತೆ ಓದಿದ. "ಹದಿಮೂರು! ಮೈ ತುಂಬ ರಕ್ತ ಇಟ್ಕೊಂಡು ಕದೀತೀಯಾ? ಇನ್ನೇನು ಕಮ್ಮಿ ನಿನಗೆ? ಕೊಬ್ಬಾ?"

ಅವಳನ್ನು ಗೇಟಿನ ಪಕ್ಕ ನಿಲ್ಲಿಸಿದ. ನಾಲಿಗೆ ಒಳಗೆ ಎಳೆದುಕೊಳ್ಳಬಾರದು, ಪಾಳಿ ಪೂರ್ತಿ ಹೊರಗೆ ಹೋಗುವವರೆಗೆ ಚಾಚಿಕೊಂಡೇ ಇರಬೇಕು ಎಂದ. ನಲವತ್ತು ಜನ ಅವಳ ಮುಂದೆಯೇ ಹಾದು ಹೋದರು. ಜೊಲ್ಲು ಗದ್ದದಿಂದ ಇಳಿದು ಬಸುರಿನ ಮೇಲೆ ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಿದಳು. "ಕೈ ಕೆಳಗೆ" ಎಂದ. ಒಂದು ಮಾತು ಆಡಿದ್ದರೆ ಸಾಕಿತ್ತು ನಾನು, ಆ ಹದಿಮೂರು ನನ್ನದು ಎಂದು. ನನ್ನ ಹಿಂದೆ ಪೊರಕೆಯಕ್ಕ ನಿಂತಿದ್ದಳು. ಅವಳ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ನಾನು ಬಾಯಿ ತೆರೆದೆ, ನಾಲಿಗೆ ಚಾಚಿದೆ, ಟಾರ್ಚ್ ಬೆಳಕು ಬಿತ್ತು, ಹೊರಗೆ ಬಂದೆ.

ದಾರಿಯಲ್ಲಿ ಅವಳು ಒಂದೇ ಮಾತು ಹೇಳಿದಳು. "ಮಗು ಒದೀತಿತ್ತು ಅಕ್ಕ, ಆಗಲೇ."

ಹೆರಿಗೆ ಬೆಳಗ್ಗೆ ಹನ್ನೊಂದಕ್ಕೆ ಆಯಿತು. ಹೆಣ್ಣುಮಗು, ಎರಡು ಕೆಜಿಯೂ ಇಲ್ಲ. ಆಮೇಲೆ ರಕ್ತ ನಿಲ್ಲಲಿಲ್ಲ. ನರ್ಸುಗಳು ಓಡಾಡತೊಡಗಿದರು. ಬಟ್ಟೆಯ ಮೇಲೆ ಬಟ್ಟೆ ಒಯ್ದರು. ರಕ್ತ ಹೋದರೂ ತಡೆದುಕೊಳ್ಳುವ ಮೈ ಎಂದು ಅವರು ಬೇರೆ ರಕ್ತ ತರಿಸಿ ಇಟ್ಟಿರಲಿಲ್ಲ. ಕಾರ್ಡಿನಲ್ಲಿ ಹಾಗೆ ಬರೆದಿತ್ತಲ್ಲ. ಅವಳ ಬೆರಳಿಗೆ ಚುಚ್ಚಿ ಅಳೆದರು. ನಾಲ್ಕು. ಅವಳ ರಕ್ತವನ್ನು ಅವಳ ಬೆರಳಿನಿಂದಲೇ ಅಳೆದದ್ದು ಅದೇ ಮೊದಲು.

"ನನ್ನ ರಕ್ತ ತಗೊಳ್ಳಿ" ಎಂದು ತೋಳು ಚಾಚಿದೆ. "ನಂದು ಹದಿಮೂರಿದೆ. ಎಷ್ಟು ಬೇಕಾದ್ರೂ ತಗೊಳ್ಳಿ."

ಪರೀಕ್ಷೆ ಮಾಡಿದರು. ನನ್ನ ಗುಂಪು ಬೇರೆ, ಅವಳ ಗುಂಪು ಬೇರೆ. ಕಾರ್ಡಿಗೆ ಹೊಂದಿದ್ದ ರಕ್ತ ಮೈಗೆ ಹೊಂದಲಿಲ್ಲ. ಮೈದುನ ರಕ್ತ ತರಲು ಊರಿನ ಆ ತುದಿಗೆ ಓಡಿದ. ಅವನು ಪೆಟ್ಟಿಗೆ ಎದೆಗವಚಿಕೊಂಡು ಬಂದಾಗ ಮಧ್ಯಾಹ್ನ ಮೂರು ದಾಟಿತ್ತು. ಅಷ್ಟರಲ್ಲಿ ಅವಳ ಮುಖಕ್ಕೆ ಬಟ್ಟೆ ಹೊದಿಸಿದ್ದರು. "ತಂದಿದ್ದೀನಿ ಅತ್ತಿಗೆ, ತಂದಿದ್ದೀನಿ" ಎನ್ನುತ್ತಲೇ ಇದ್ದ. ಪೆಟ್ಟಿಗೆಯನ್ನು ಅವನ ಕೈಯಿಂದ ಬಿಡಿಸಲು ಇಬ್ಬರು ಬೇಕಾದರು.

ಒಂಬತ್ತು ತಿಂಗಳು ತುಂಬುವವರೆಗೆ ನಿಲ್ಲಿಸಿ ದುಡಿಸಿಕೊಂಡರು ಎಂದು ಮೈದುನ ಅರ್ಜಿ ಕೊಟ್ಟ. ಹದಿನೈದನೇ ದಿನಕ್ಕೆ ಕಾರ್ಮಿಕರ ಅಧಿಕಾರಿ ವಿಚಾರಣೆಗೆ ಬರುತ್ತಾರೆಂದು ತಿಳಿಯಿತು. ಒಂದೇ ಮನೆಯವಳೆಂದು ನನ್ನನ್ನೂ ಸಾಕ್ಷಿಗೆ ಕರೆದರು. ಹಿಂದಿನ ದಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ನನ್ನ ಬೆರಳು ಪಡೆದಿದ್ದ ಐವರೂ ನನ್ನನ್ನು ಸುತ್ತುಗಟ್ಟಿದರು.

"ಏನು ಹೇಳ್ತೀಯ ನಾಳೆ?" ಪೊರಕೆಯಕ್ಕ ಕೇಳಿದಳು.

"ಗೊತ್ತಿಲ್ಲ."

"ಗೊತ್ತಿಲ್ಲ ಅನ್ಬೇಡ. ನಿನ್ನ ಮುಖ ನೋಡಿದ್ರೆ ಗೊತ್ತಾಗುತ್ತೆ. ಸತ್ತವಳು ಸತ್ತಳು, ನಾನೂ ಅತ್ತಿದ್ದೀನಿ. ನಿಜ ಹೇಳಿದ್ರೆ ಎದ್ದು ಬರ್ತಾಳಾ? ನನ್ನ ಗಂಡ ಹಾಸಿಗೆ ಮೇಲಿದ್ದಾನೆ. ಐದು ಮನೆ ಒಲೆ ಆರಿಸ್ಬೇಡ ತಾಯಿ, ಕಾಲಿಗೆ ಬೀಳ್ತೀನಿ."

ನಿಜವಾಗಿಯೂ ಬಿದ್ದಳು. ನನಗಿಂತ ದೊಡ್ಡವಳು. ನಾನು ಅವಳನ್ನು ಎತ್ತಲಿಲ್ಲ. ಎತ್ತಿದರೆ ಒಪ್ಪಿದಂತೆ ಆಗುತ್ತಿತ್ತು.

ಮ್ಯಾನೇಜರ್ ಕೋಣೆ ತಣ್ಣಗಿತ್ತು. ಗೋಡೆಯಲ್ಲಿ ಒಂದು ದೊಡ್ಡ ಚಾರ್ಟ್: ನಮ್ಮ ಕೆಲಸಗಾರ ಹೆಂಗಸರ ರಕ್ತ, ವರ್ಷದಿಂದ ವರ್ಷಕ್ಕೆ ಮೇಲೇರುವ ಗೆರೆ. ಅದನ್ನು ನಾನು ನೋಡಿದ್ದು ಅದೇ ಮೊದಲ ಸಲ. ಹೊರಗಿನಿಂದ ಮಾತ್ರೆ ಕೊಳ್ಳಲು ಬರುವವರಿಗೆ ತೋರಿಸುತ್ತಾರಂತೆ. ಆ ಗೆರೆ ನನ್ನ ಬೆರಳಿನಿಂದ ಏರಿದ್ದು.

ಮ್ಯಾನೇಜರ್ ಹಳದಿ ಕಾರ್ಡನ್ನು ಅಧಿಕಾರಿಯ ಮುಂದಿಟ್ಟ. "ನೋಡಿ ಸಾರ್. ಹದಿಮೂರು. ಹೊರಗಡೆ ಬಸುರಿಯರಲ್ಲಿ ಇಷ್ಟು ನಿಮಗೆ ಸಿಗಲ್ಲ. ನಮ್ಮ ಮನೆ ಮಕ್ಕಳ ಥರ ನೋಡ್ಕೋತೀವಿ. ಹೆರಿಗೆಯಲ್ಲಿ ರಕ್ತ ಹೋಗಿದೆ, ಅದು ಆಸ್ಪತ್ರೆಯವರ ವಿಷಯ. ಪಾಪ."

ಅಧಿಕಾರಿ ನನ್ನ ಕಡೆ ತಿರುಗಿದ. "ಏನಮ್ಮ, ಇದು ಸರೀನಾ?"

ಪಾಪ ಎಂಬ ಮಾತು ನನಗೆ ತಡೆಯಲಾಗಲಿಲ್ಲ. ನಿಜ ಹೇಳಬೇಕೆಂದು ಹೋಗಿರಲಿಲ್ಲ ನಾನು. ಆ ಪಾಪ ಎಂಬ ಮಾತು ಬರದಿದ್ದರೆ ಸರಿ ಸಾರ್ ಎಂದು ಬರುತ್ತಿದ್ದೆನೋ ಏನೋ.

"ಅದು ಅವಳ ರಕ್ತ ಅಲ್ಲ ಸಾರ್. ನಂದು."

"ಅಂದ್ರೆ?"

ಹೇಳಿದೆ. ಕಿಂಡಿ ಹೇಳಿದೆ, ಬೆರಳು ಹೇಳಿದೆ. ಟೀ ಹೇಳಿದೆ, ಬಿಸಿಲು ಹೇಳಿದೆ. ನಾಲಿಗೆ ಚಾಚಿಸಿ ನಿಲ್ಲಿಸಿದ್ದು ಹೇಳಿದೆ. "ಲಕ್ಷಗಟ್ಟಲೆ ಮಾತ್ರೆ ಮಾಡ್ತೀವಿ ಸಾರ್. ಮುರಿದದ್ದನ್ನ ಚರಂಡಿಗೆ ಬಿಡ್ತಾರೆ. ಅವಳು ಒಂದು ಚೂರು ನೆಕ್ಕಿದ್ದಕ್ಕೆ ನಾಯಿ ಥರ ನಿಲ್ಲಿಸಿದ್ರು. ರಕ್ತ ಕಮ್ಮಿ ಅಂದ್ರೆ ಮಾತ್ರೆ ಕೊಡ್ಬೇಕು, ಕೆಲಸ ಕಿತ್ಕೊಳ್ಳೋದಾ? ಕಿತ್ಕೊಳ್ತೀರ ಅಂತಾನೇ ನಾವು ಸುಳ್ಳು ಹೇಳಿದ್ದು. ಸುಳ್ಳು ಹೇಳಿದ್ದಕ್ಕೇ ಅವಳು ಸತ್ತಿದ್ದು. ಬರ್ಕೊಳ್ಳಿ ಇದನ್ನ."

ಅವನು ಬರೆದುಕೊಂಡ. ಬಹಳ ಹೊತ್ತು ಬರೆದ. ಕೊನೆಗೆ ಓದಿ ಹೇಳಿದ: "ಮೃತಳು ಸಹೋದ್ಯೋಗಿಯ ನೆರವಿನಿಂದ ತನ್ನ ಆರೋಗ್ಯ ಸ್ಥಿತಿಯನ್ನು ಸಂಸ್ಥೆಯಿಂದ ಮರೆಮಾಚಿರುವುದು ಕಂಡುಬಂದಿದೆ. ಸಂಸ್ಥೆಯ ಕಡೆಯಿಂದ ಯಾವುದೇ ಲೋಪ ಕಂಡುಬಂದಿಲ್ಲ. ಇಲ್ಲಿ ಸಹಿ ಮಾಡಮ್ಮ."

"ನಾನು ಹೇಳಿದ್ದು ಇದಲ್ಲ."

"ಮರೆಮಾಚಿದ್ರೋ ಇಲ್ವೋ?"

"ಮರೆಮಾಚಿದ್ವಿ. ಆದ್ರೆ..."

"ಆದ್ರೆ ಎಲ್ಲ ಇದರಲ್ಲಿ ಬರಲ್ಲಮ್ಮ" ಎಂದ. ನಾನು ಸಹಿ ಮಾಡಲಿಲ್ಲ. ಸಾಕ್ಷಿ ಸಹಿ ಮಾಡಲು ನಿರಾಕರಿಸಿದ್ದಾಳೆ ಎಂದು ಅದನ್ನೂ ಬರೆದುಕೊಂಡ.

ಆ ವಾರವೇ ಮರುಪರೀಕ್ಷೆ. ಈ ಸಲ ಕಿಂಡಿಯಿಲ್ಲ. ಅಂಗಳದಲ್ಲಿ, ಮುಖ ನೋಡಿ, ಬಿಲ್ಲೆ ನೋಡಿ. ಐವರು ಹೋಗುತ್ತಾರೆಂದು ನಾನು ಎದೆ ಕಲ್ಲು ಮಾಡಿಕೊಂಡಿದ್ದೆ. ಹನ್ನೊಂದು ಜನ ಹೋದರು. ಉಳಿದ ಆರು ಜನ ಹಿಂದೆ ಯಾರ ಬೆರಳು ಕೊಟ್ಟು ಪಾಸಾಗಿದ್ದರೋ ನನಗೆ ತಿಳಿಯದು. ಪೊರಕೆಯಕ್ಕನಿಗೆ ಏಳು ಬಂತು. ಟೋಪಿ, ಗೌನು ಬಿಚ್ಚಿ ಮಡಿಸಿಟ್ಟು ನನ್ನ ಮುಂದೆ ಬಂದು ನಿಂತಳು.

"ಹೊಟ್ಟೆ ತಣ್ಣಗಾಯ್ತೇನೇ?"

ಅವಳು ಕಾದಳು. ನಿಜವಾಗಿಯೂ ಉತ್ತರ ಬೇಕಿತ್ತೇನೋ. ಆಮೇಲೆ ಹೋದಳು.

ನನ್ನನ್ನೂ ತೆಗೆಯುತ್ತಾರೆಂದುಕೊಂಡಿದ್ದೆ. ತೆಗೆಯಲಿಲ್ಲ. ರಕ್ತ ಸರಿಯಾಗಿರುವವಳು, ನಿಜ ಹೇಳಿದವಳು ಎಂದ ಮ್ಯಾನೇಜರ್. ಹೊರಗೆ ಹಾಕಿದರೆ ನಾನು ಬೀದಿಯಲ್ಲಿ ನಿಂತು ಕೂಗುತ್ತೇನೆ. ಒಳಗಿಟ್ಟುಕೊಂಡರೆ ನನ್ನನ್ನು ನೋಡಿ ಇನ್ನೊಬ್ಬರು ಬಾಯಿ ಬಿಡುವುದಿಲ್ಲ. ಇಷ್ಟು ನನಗೂ ಅರ್ಥವಾಗುತ್ತದೆ. ಅರ್ಥವಾಗಿಯೂ ಹೋದೆ. ಮನೆಯಲ್ಲಿ ತಾಯಿಹಾಲಿಲ್ಲದ ಮಗು ಇತ್ತು. ಅತ್ತೆ ಅದಕ್ಕೆ ಹಾಲಿನ ಪುಡಿಯನ್ನು ನೀರಾಗಿ ಕಲಸಿ ಕುಡಿಸುತ್ತಿದ್ದಳು. ಊಟದ ಕೋಣೆಯಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ನನ್ನ ಡಬ್ಬಿಯನ್ನು ಯಾರೋ ಕಸದ ಬುಟ್ಟಿಗೆ ಹಾಕಿದ್ದರು. ತೊಳೆದುಕೊಂಡು ಉಂಡೆ.

ಹೋದವರ ಜಾಗಕ್ಕೆ ಹನ್ನೊಂದು ಹೊಸ ಹುಡುಗಿಯರು ಬಂದರು. ಪರೀಕ್ಷೆ ಮಾಡದೆಯೇ ಸೇರಿಸಿಕೊಂಡರು, ಸರಕು ತುರ್ತಾಗಿ ಬೇಕಿತ್ತು. ಮುಂದಿನ ಪರೀಕ್ಷೆ ಬರುವಷ್ಟರಲ್ಲಿ ಕಿಂಡಿ ಮತ್ತೆ ತೆರೆದಿತ್ತು. ಅಂಗಳದಲ್ಲಿ ಮಾಡಿದ ದಿನ ಬೆಲ್ಟ್ ಐದು ಗಂಟೆ ನಿಂತಿತ್ತಂತೆ. ಹಿಂದಿನ ದಿನ ಸೂಪರ್‌ವೈಸರ್ ನನ್ನ ಬಳಿ ಬಂದ. ಮೊದಲ ಸಲ ಮೆತ್ತಗೆ ಮಾತಾಡಿದ.

"ಚಾರ್ಟು ಇಳಿದುಬಿಟ್ಟಿದೆ ಅಕ್ಕ. ಹೊರಗಿಂದ ನೋಡೋಕೆ ಬರ್ತಿದ್ದಾರೆ. ನಾಳೆ ಎಲ್ಲರೂ ಪಾಸಾದ್ರೆ ಒಳ್ಳೇದು." ನನ್ನ ಕೈ ನೋಡಿದ. "ಹೇಗೂ ನೀವಿದ್ದೀರಲ್ಲ."

ನಾನು ಬೆಲ್ಟಿನ ಕಡೆ ತಿರುಗಿ ಖಾಲಿ ಗುಳಿಯ ಒಂದು ಪಟ್ಟಿ ಎತ್ತಿ ಡಬ್ಬಕ್ಕೆ ಹಾಕಿದೆ. ಅವನು ಅದನ್ನೇ ಒಪ್ಪಿಗೆ ಎಂದುಕೊಂಡು ಹೋದ.

ಬೆಳಗ್ಗೆ ಕಿಂಡಿಯ ಮುಂದೆ ಸಾಲು ನಿಂತಿತು. ಸೂಪರ್‌ವೈಸರ್ ಹೊಸ ಹುಡುಗಿಯೊಬ್ಬಳನ್ನು ನನ್ನ ಮುಂದೆ ನಿಲ್ಲಿಸಿ ಕಣ್ಣಿನಲ್ಲೇ ಸನ್ನೆ ಮಾಡಿದ. ಹತ್ತೊಂಬತ್ತೋ ಇಪ್ಪತ್ತೋ. ಟೋಪಿ, ಮುಖಗವಸಿನ ನಡುವೆ ಬರೀ ಕಣ್ಣು. ನಾನು ಅವಳ ಕೆಳರೆಪ್ಪೆ ಎಳೆದು ನೋಡಿದೆ. ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು.

"ಮದುವೆ ಆಗಿದೆಯಾ?"

"ಆಗಿದೆ ಅಕ್ಕ. ನಿಮ್ಮ ಬೆರಳು ಕೊಡ್ತೀರಂತೆ. ಕೊಡಿ ಅಕ್ಕ, ನಿಮ್ಮ ಹೆಸರು ಹೇಳ್ಕೊಂಡು ಬದುಕ್ತೀನಿ."

"ಹೀಗೇ ಕೊಟ್ಟು ಒಬ್ಬಳನ್ನ ಮಣ್ಣು ಮಾಡಿದ್ದೀನಿ. ನಿನಗೆ ಕೆಲಸ ಬೇಕಾ, ಜೀವ ಬೇಕಾ?"

"ಕೆಲಸ" ಎಂದಳು. ಒಂದು ಕ್ಷಣವೂ ಯೋಚಿಸಲಿಲ್ಲ.

"ಬಿಲ್ಲೆ ಸಂಖ್ಯೆ ಹೇಳಿ, ಬೇಗ" ಎಂದ ಆಚೆಯಿಂದ ಪರೀಕ್ಷೆಯವನು. "ಕೈ ಹಾಕು ಹದಿಮೂರು, ಬೆಲ್ಟ್ ಕಾಯ್ತಿದೆ" ಎಂದ ಸೂಪರ್‌ವೈಸರ್. ಹಿಂದೆ ನಿಂತ ಹುಡುಗಿಯರೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದರು.

ನಾನು ಆ ಹುಡುಗಿಯ ಮಣಿಕಟ್ಟು ಹಿಡಿದೆ. ಅವಳ ಬಿಲ್ಲೆ ಸಂಖ್ಯೆ ಕೂಗಿದೆ. ಅವಳದೇ ಕೈಯನ್ನು ಕಿಂಡಿಯಲ್ಲಿ ತೂರಿಸಿದೆ. ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಒದ್ದಾಡಿದಳು. "ಬಿಡೇ, ಹಾಳಾಗಿ ಹೋಗ್ತೀಯ, ಬಿಡೇ" ಎಂದು ಕಿರುಚಿದಳು. ಮುಖಗವಸು ಕಿತ್ತು ನನ್ನ ತೋಳು ಕಚ್ಚಿದಳು. ಹಲ್ಲು ಇಳಿಯಿತು. ನಾನು ಬಿಡಲಿಲ್ಲ. ಹಾಗೆ ಮಾಡಲು ನನಗೆ ಹಕ್ಕಿರಲಿಲ್ಲ, ಅದು ಗೊತ್ತಿದ್ದೇ ಬಿಡಲಿಲ್ಲ. ಸೂಪರ್‌ವೈಸರ್ ನನ್ನ ಭುಜ ಹಿಡಿದು ಎಳೆದ. ಅಷ್ಟರಲ್ಲಿ ಆಚೆ ಯಂತ್ರ ಸದ್ದು ಮಾಡಿತು.

"ಆರೂವರೆ" ಎಂದ ಪರೀಕ್ಷೆಯವನು. "ಇದು ತಪ್ಪಿರ್ಬೇಕು. ಇನ್ನೊಂದು ಸಲ ನೋಡ್ಲಾ?"

"ತಪ್ಪಿಲ್ಲ" ಎಂದೆ ಕಿಂಡಿಗೆ ಬಾಯಿಟ್ಟು. "ಸರಿಯಾಗಿ ಬರ್ಕೊಳ್ಳಿ. ಇವಳು ಸತ್ತಾಗ ಬೇಕಾಗುತ್ತೆ."